‘ಆ ಮಾತ್ರೆ ನಂಗೆ ಆಗಲ್ಲ’ ಅಂದವರಿಗೆ ನಾನು ಕೇಳುವುದು

ನನ್ನ ಕ್ಲಿನಿಕ್ಕಿನಲ್ಲಿ ‘ಅಲರ್ಜಿ ಇದೆಯಾ?’ ಅಂತ ಕೇಳುವುದನ್ನು ಬಿಟ್ಟು ವರ್ಷಗಳಾದವು. ಕೇಳಿದರೆ ‘ಧೂಳಿಗೆ ಸೀನು ಬರುತ್ತೆ ಸಾರ್’ ಅನ್ನುತ್ತಾರೆ, ಮಾತ್ರೆಯ ಸುದ್ದಿಯೇ ಬರುವುದಿಲ್ಲ. ಈಗ ಕೇಳುವುದು: ಯಾವ ಔಷಧ ಆಗಿಬರಲಿಲ್ಲ, ಏನಾಯಿತು, ತಗೊಂಡು ಎಷ್ಟು ಹೊತ್ತಿಗಾಯಿತು? ಗಂಟೆಯೊಳಗೆ ಮೈಯೆಲ್ಲ ಗಂಧೆ ಎದ್ದು, ತುಟಿ ಊದಿ, ಉಸಿರು ಕಟ್ಟಿದ್ದರೆ ಅದು ಒಂದು ಬಗೆ. ವಾರ ಕಳೆದ ಮೇಲೆ ಜ್ವರ ಬಂದು, ಬಾಯಿ ಕಣ್ಣು ಹುಣ್ಣಾಗಿ, ಚರ್ಮ ಸುಲಿದಿದ್ದರೆ ಬೇರೆಯದೇ ಬಗೆ. ಆ ಔಷಧವನ್ನು ಅವರಿಗೆ ಮತ್ತೆಂದೂ ಕೊಡುವಂತಿಲ್ಲ. ಬರೀ ಹೊಟ್ಟೆ ತೊಳಸಿದ್ದು ಅಲರ್ಜಿಯಲ್ಲ.

ಗಂಟಲ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟಕ್ಕೆ ತೊಂದರೆಯಾಗಿದ್ದ ಹುಡುಗಿಯೊಬ್ಬಳಿಗೆ, ಆ ಜ್ವರ ಮರುಕಳಿಸದಿರಲು, ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಬೇಕಿತ್ತು. ಹಳೇ ಚೀಟಿಯಲ್ಲಿ ‘ಪೆನ್ಸಿಲಿನ್ ಅಲರ್ಜಿ’ ಅಂತ ಕೆಂಪು ಶಾಯಿ. ಕೆದಕಿ ಕೇಳಿದರೆ, ಚಿಕ್ಕಂದಿನಲ್ಲಿ ಪೆನ್ಸಿಲಿನ್ ಬಳಗದ ಅಮಾಕ್ಸಿಸಿಲಿನ್ ಸಿರಪ್ಪಿಗೆ ಎರಡು ದಿನ ಭೇದಿಯಾಗಿತ್ತಂತೆ, ಅಷ್ಟೆ. ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಇಂಜೆಕ್ಷನ್ ಶುರು ಮಾಡಿದೆವು. ಆ ಕೆಂಪು ಗೆರೆಯನ್ನು ನಂಬಿದ್ದರೆ ಮಗುವಿನ ಹೃದಯಕ್ಕೇ ಏಟು ಬೀಳುತ್ತಿತ್ತು.

ಇದರ ತಿರುಗುಮುರುಗು ಆಟೋ ಓಡಿಸುವ ಒಬ್ಬರದು. ಕೆಳತುಟಿಯ ಎಡಕ್ಕೆ ನಾಲ್ಕಾಣೆ ಅಗಲದ ಕಪ್ಪು ಕಲೆ. ಆಗಾಗ ಉರಿದು ಗುಳ್ಳೆಯೇಳುತ್ತಿತ್ತು, ಯಾವಾಗಲೂ ಅದೇ ಜಾಗದಲ್ಲಿ. ‘ಹೀಟು ಡಾಕ್ಟ್ರೇ’ ಅಂತಿದ್ದರು. ಒಂದು ಬಗೆಯ ಔಷಧ ಅಲರ್ಜಿ ಪ್ರತಿ ಸಲವೂ ಅದೇ ಜಾಗದಲ್ಲೇ ಏಳುತ್ತದೆ; ಹಾಗಾಗಿ ಅದೇ ಜಾಗ ಅಂದ ಕೂಡಲೇ ನಾನು ಹುಡುಕುವುದು ಔಷಧವನ್ನು. ಮನೆಯಲ್ಲಿದ್ದ ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ತರಿಸಿದೆ. ಭೇದಿಯಾದಾಗಲೆಲ್ಲ ಅಂಗಡಿಯಲ್ಲಿ ಕೇಳಿ ನುಂಗುತ್ತಿದ್ದ ಆಫ್ಲಾಕ್ಸಸಿನ್–ಆರ್ನಿಡಜೋಲ್ ಮಾತ್ರೆ ಅದರಲ್ಲಿತ್ತು. ಎರಡರಲ್ಲಿ ಯಾವುದೆಂದು ಖಚಿತವಾಗದ್ದರಿಂದ ಎರಡನ್ನೂ, ಆರ್ನಿಡಜೋಲಿನ ಬಳಗದ ಮೆಟ್ರೊನಿಡಜೋಲ್, ಟಿನಿಡಜೋಲನ್ನೂ ಬಿಡಿಸಿದೆ. ಕಲೆ ಇನ್ನೂ ಇದೆ, ಗುಳ್ಳೆ ಬಂದಿಲ್ಲ.

ಇಂಥವರಿಗೆಲ್ಲ ಒಂದು ಕಾರ್ಡು ಬರೆದುಕೊಡುತ್ತೇನೆ. ಕಂಪನಿಯ ಹೆಸರಲ್ಲ, ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು, ಏನಾಯಿತು, ಯಾವ ವರ್ಷ. ಕಂಪನಿ ಹೆಸರಷ್ಟೇ ಗೊತ್ತಿದ್ದವರಿಗೆ ಇನ್ನೊಂದು ಅಂಗಡಿಯಲ್ಲಿ ಅದೇ ಔಷಧ ಬೇರೆ ಹೆಸರಲ್ಲಿ ಕೈಗೆ ಬರುತ್ತದೆ. ಕಾರ್ಡನ್ನು ಮೊಬೈಲಿನ ಕವರೊಳಗೆ ಇಡಿಸುತ್ತೇನೆ.

ಇಂಜೆಕ್ಷನ್ ಕೊಡುವ ಟ್ರೇಯಲ್ಲಿ ಅಡ್ರಿನಲಿನ್ ಮುಂದೆಯೇ ಇರಬೇಕೆಂಬುದು ನನ್ನ ಹಟ. ಉಸಿರು ಕಟ್ಟಿ ಬಿಪಿ ಇಳಿದಾಗ ಕೈ ತಾನಾಗಿ ಅಲರ್ಜಿಗೆ ಕೊಡುವ ಮಾಮೂಲಿ ಇಂಜೆಕ್ಷನ್ ಅವಿಲ್‌ನತ್ತ ಹೋಗುತ್ತದೆ. ಅದು ತುರಿಕೆ ತಗ್ಗಿಸೀತು, ಜೀವ ಉಳಿಸದು. ದೊಡ್ಡವರಿಗೆ ಅಡ್ರಿನಲಿನ್ 0.5 ಮಿ.ಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ, ತಡಮಾಡದೆ.

ಔಷಧ ಆಗಿಬಾರದ ಇಂಥ ಪ್ರತಿಯೊಂದು ಪ್ರಸಂಗವನ್ನೂ ಫಾರ್ಮಕೋವಿಜಿಲೆನ್ಸ್ (ಔಷಧಗಳ ಅಡ್ಡಪರಿಣಾಮದ ಮೇಲೆ ಸರ್ಕಾರ ಇಡುವ ನಿಗಾ) ಕಾರ್ಯಕ್ರಮಕ್ಕೆ ವರದಿ ಮಾಡುತ್ತೇನೆ. 1800-180-3024ಕ್ಕೆ ರೋಗಿಗಳೇ ಫೋನ್ ಮಾಡಿಯೂ ಹೇಳಬಹುದು.