ಪೋಕರ್ ಟೇಬಲ್‌ನಲ್ಲಿ ಕೂತು ಯೇಸು ಬಗ್ಗೆ ಮಾತಾಡೋದು: ನನ್ನ ಅನುಭವ

ಮೊದ್ಲೇ ಹೇಳಿಬಿಡ್ತೀನಿ, ನಾನು ಪೋಕರ್ ಆಡೋದು ಸುವಾರ್ತೆ ಸಾರೋಕೆ ಅಂತ ಅಲ್ಲ, ಆಟ ಇಷ್ಟ ಅದಕ್ಕೆ. ಇದನ್ನ ಉಲ್ಟಾ ಮಾಡ್ಕೊಂಡ್ರೆ ಅಲ್ಲಿಗೆ ಕೆಡ್ತು ಅಂತಾನೇ ಲೆಕ್ಕ, ಯಾಕಂದ್ರೆ ಅಲ್ಲಿ ಕೂತಿರೋರಿಗೆಲ್ಲ ಎದುರಿಗಿರೋನ ಮುಖ ಓದೋದೇ ಕೆಲಸ, ಇವ್ನು ಕಾರ್ಡಿಗೆ ಬಂದಿಲ್ಲ ನಮ್ಮನ್ನ ಚರ್ಚಿಗೆ ಎಳ್ಕೊಂಡು ಹೋಗೋಕೆ ಬಂದಿದಾನೆ ಅನ್ನೋದು ಬೇಗನೇ ಗೊತ್ತಾಗಿಬಿಡುತ್ತೆ.

ನಾವಾಡೋದು ಟೆಕ್ಸಸ್ ಹೋಲ್ಡೆಮ್ (ಒಬ್ಬೊಬ್ಬರಿಗೆ ಎರಡು ಕಾರ್ಡು, ಮಧ್ಯ ಎಲ್ಲರಿಗೂ ಸೇರಿದ ಐದು ಕಾರ್ಡು), ಫ್ರೆಂಡ್ಸ್ ಮನೇಲಿ, ಚಿಕ್ಕ ಬೈ-ಇನ್ (ಆಟಕ್ಕೆ ಕೂರೋಕೆ ಹಾಕೋ ದುಡ್ಡು), ಟೂರ್ನಮೆಂಟ್ ಥರ. ಚಿಪ್ಸ್ ಖಾಲಿ ಆದ್ರೆ ಮುಗೀತು, ಮತ್ತೆ ದುಡ್ಡು ಹಾಕಿ ಕೂರೋ ಹಾಗಿಲ್ಲ, ಅಂದ್ರೆ ರೀಬೈ ಇಲ್ಲ. ಈ ರೂಲ್ ಬೇಕು ಅಂತ ಹಠ ಹಿಡಿದವನು ನಾನೇ. ರೀಬೈ ಇದ್ರೆ ಸೋತವನು ಹೋಗಿದ್ದನ್ನ ವಾಪಸ್ ಎತ್ಬೇಕು ಅಂತ ಕೂರ್ತಾನೆ, ಅಂಥವನ ದುಡ್ಡು ನಾನು ಜೇಬಿಗೆ ಹಾಕ್ಕೊಂಡು ಆಮೇಲೆ ಅವ್ನ ಹತ್ರ ದೇವರ ಪ್ರೀತಿ ಬಗ್ಗೆ ಯಾವ ಬಾಯಲ್ಲಿ ಮಾತಾಡ್ಲಿ. (ದುಡ್ಡಿಟ್ಟು ಆಡೋದಕ್ಕೆ ಕಾನೂನು ಒಂದೊಂದು ಕಡೆ ಒಂದೊಂದು ಥರ, ನಿಮ್ಮ ಕಡೆದು ನೀವೇ ನೋಡ್ಕೊಳ್ಳಿ.)

ಮಾತಿಗೆ ಟೈಮ್ ಎಲ್ಲಿಂದ ಬರುತ್ತೆ ಅಂದ್ರೆ ಫೋಲ್ಡ್ ಮಾಡಿದಾಗ, ಅಂದ್ರೆ ಆ ಕೈ (ಆ ಸುತ್ತು) ಬಿಟ್ಟುಕೊಟ್ಟಾಗ. ಒಂಬತ್ತು ಜನದ ಟೇಬಲ್‌ನಲ್ಲಿ ಸ್ವಲ್ಪ ಹುಷಾರಾಗಿ ಆಡೋರು ಹತ್ತು ಕೈ ಹಂಚಿದ್ರೆ ಎಂಟು ಕೈ ಕಾರ್ಡು ಕೆಳಗಿಟ್ಟು ಸುಮ್ನೆ ಕೂರ್ತಾರೆ, ಪಕ್ಕದವನೂ ಫೋಲ್ಡ್ ಆಗಿದ್ರೆ ಇಬ್ಬರೂ ಖಾಲಿ, ಮನೆ ಕಥೆ ಆಫೀಸ್ ಕಥೆ ಎಲ್ಲ ಆಗ್ಲೇ ಬರೋದು. ನಾನು ಹೆಚ್ಚಾಗಿ ಕೇಳಿಸ್ಕೋತೀನಿ ಅಷ್ಟೆ. ಕೈ ಆಡ್ತಿರೋನ ಹತ್ರ ಒಂದಕ್ಷರ ಮಾತಾಡಲ್ಲ, ಅದು ಟೇಬಲ್ ಮರ್ಯಾದೆ, ಮತ್ತೆ ಈಗಷ್ಟೇ ನನ್ನ ಕೈಯಲ್ಲಿ ಚಿಪ್ಸ್ ಕಳ್ಕೊಂಡವನ ಹತ್ರ ಅವತ್ತು ನಂಬಿಕೆ ವಿಷಯ ಎತ್ತೋದೇ ಇಲ್ಲ.

ಆದ್ರೆ ಅವ್ರು ನನ್ನ ನಿಜವಾಗ್ಲೂ ನೋಡೋದು ನಾನು ಸೋತಾಗ. ಎಕ್ಕದ ಜೋಡಿ ಬರೋದು 221 ಕೈಗೆ ಒಂದ್ಸಲ, ಅದು ಬಂದು, ಎದುರಿಗೆ ರಾಜನ ಜೋಡಿ ಇಟ್ಕೊಂಡವನು ಇದ್ದಿದ್ದೆಲ್ಲಾ ಇಟ್ಟು ಆಲ್-ಇನ್ ಅಂದು, ನೂರಕ್ಕೆ ಸುಮಾರು 82 ಸಲ ನಾನೇ ಗೆಲ್ಬೇಕಾದ ಜಾಗದಲ್ಲಿ ರಿವರ್‌ಗೆ ಅಂದ್ರೆ ಮಧ್ಯದ ಕೊನೇ ಕಾರ್ಡಿಗೆ, ಇನ್ನೊಂದು ರಾಜ ಬಂದು ಕೂತ್ಕೊಂಡ್ರೆ ಹೊಟ್ಟೆ ಉರಿಯುತ್ತೆ, ಸುಳ್ಳ್ಯಾಕೆ ಹೇಳ್ಲಿ. ಆಗ ಒಬ್ಬ ಶುರು ಮಾಡ್ತಾನೆ, "ನಿನ್ ದೇವ್ರು ಎಲ್ಲೋದ ಗುರು?" ಅಂತ. ಎಲ್ಲರೂ ನಗ್ತಾರೆ, ನಾನೂ ನಗ್ತೀನಿ. ಒಳ್ಳೊಳ್ಳೆ ಮಾತುಕತೆ ಹುಟ್ಟಿದ್ದು ಇಂಥ ತಮಾಷೆಯಿಂದಾನೇ. ಜ್ಞಾನೋಕ್ತಿ 16:33ರಲ್ಲಿ ಚೀಟು ಹಾಕೋದು ಮನುಷ್ಯರಾದ್ರೂ ತೀರ್ಮಾನ ಕರ್ತನದು ಅಂತ ಇದೆ, ಅಪೊಸ್ತಲರ ಕೃತ್ಯ 1ರಲ್ಲಿ ಚೀಟು ಹಾಕಿ ಯೂದನ ಜಾಗಕ್ಕೆ ಮತ್ತೀಯನನ್ನ ಆರಿಸ್ತಾರೆ, ಆದ್ರೆ ಶಿಲುಬೆ ಕೆಳಗೆ ಯೇಸುವಿನ ಅಂಗಿಗೂ ಸೈನಿಕರು ಚೀಟು ಹಾಕ್ತಾರಲ್ಲ, ಅಂಗಿ ಗೆದ್ದವನ ಮೇಲೆ ದೇವರ ಆಶೀರ್ವಾದ ಇತ್ತು ಅಂತ ಯಾರಾದ್ರೂ ಹೇಳ್ತಾರಾ? ಇದನ್ನ ಹೇಳಿದ್ರೆ ಜನ ಯೋಚನೆ ಮಾಡ್ತಾರೆ. ಅದಕ್ಕೇ ನಾನು ಕಾರ್ಡಿಗೋಸ್ಕರ ಪ್ರಾರ್ಥನೆ ಮಾಡಲ್ಲ, ಗೆದ್ದಾಗ ದೇವರ ಕೃಪೆ ಅಂತ ಬಾಯಿ ತಪ್ಪಿನೂ ಹೇಳಲ್ಲ, ಹಂಗಂದ್ರೆ ಸೋತವನ ಕಿವಿಗೆ ದೇವರು ಅವನ ವಿರುದ್ಧ ಇದ್ದ ಅಂತ ಕೇಳಿಸುತ್ತೆ.

ಬ್ಲಫ್ ವಿಷಯ ಎಲ್ಲರೂ ಕೇಳ್ತಾರೆ, ಕ್ರಿಶ್ಚಿಯನ್ ಆಗಿ ಸುಳ್ಳು ಹೇಳಬಹುದಾ ಅಂತ. ನನ್ನ ಲೆಕ್ಕ ಹೀಗೆ: ಖಾಲಿ ಕೈಯಲ್ಲಿ ದೊಡ್ಡ ಬೆಟ್ ಇಡೋದು ಆಟದ ಭಾಗ, ಕೂತಿರೋರೆಲ್ಲ ಒಪ್ಪಿಕೊಂಡೇ ಕೂತಿರೋದು. ಆದ್ರೆ ಬಾಯಲ್ಲಿ "ನನ್ನತ್ರ ಏನೂ ಇಲ್ಲಪ್ಪ" ಅಂತ ಸುಳ್ಳು ಹೇಳಲ್ಲ, ಬೇರೆಯವ್ರೆಲ್ಲ ಹೇಳ್ತಾರೆ, ಅದಕ್ಕೆ ಯಾರೂ ಬೇಜಾರೂ ಮಾಡ್ಕೊಳ್ಳಲ್ಲ, ಆದ್ರೂ ನಾನು ಹೇಳಲ್ಲ. ಮತ್ತಾಯ 5:37, ಹೌದಂದ್ರೆ ಹೌದು ಅಲ್ಲಂದ್ರೆ ಅಲ್ಲ. ಕಾರ್ಡು ಬಗ್ಗೆ ಕೇಳಿದ್ರೆ ನಕ್ಕು ಸುಮ್ನಿರ್ತೀನಿ. ಇದನ್ನ ಯಾರೂ ಗಮನಿಸಲ್ಲ ಅನ್ಕೊಂಡಿದ್ದೆ, ಒಬ್ಬ ಗಮನಿಸಿದ್ದ, ನೀನ್ಯಾಕೆ ಬಾಯಿಬಿಟ್ಟು ಸುಳ್ಳು ಹೇಳೋದೇ ಇಲ್ಲ ಅಂತ ಪಾರ್ಕಿಂಗ್‌ನಲ್ಲಿ ಕೇಳ್ದ, ಆ ಮಾತು ಎಲ್ಲಿಂದೆಲ್ಲಿಗೋ ಹೋಯ್ತು. ಇನ್ನೊಂದು ಲಾಭ, ಬೈ-ಇನ್ ದುಡ್ಡು ಎಣಿಸಿ ಇಟ್ಕೊಳ್ಳೋ ಕೆಲಸ ಯಾವಾಗ್ಲೂ ನಂಗೇ ಬೀಳುತ್ತೆ!

ಸಭೆಯವ್ರು ಏನಂತಾರೆ ಅಂದ್ರೆ, ಅರ್ಧ ಜನಕ್ಕೆ ಇದು ಜೂಜು, ಅಷ್ಟೆ. ಪಾಸ್ಟರ್ ಹತ್ರ ಕೂತು ಮಾತಾಡಿದೀನಿ, ಅವ್ರು ಪೂರ್ತಿ ಒಪ್ಪಿಲ್ಲ, ಬೇಡ ಅಂತಾನೂ ಅಂದಿಲ್ಲ. ಯೇಸು ಸುಂಕದವರ ಜೊತೆ ಊಟಕ್ಕೆ ಕೂತಿಲ್ವಾ ಅನ್ನೋ ವಾದ ನಾನು ಎತ್ತೋದಿಲ್ಲ. ಕೂತಿದ್ದು ಊಟಕ್ಕೆ, ಸುಂಕ ವಸೂಲಿಗಲ್ಲ. ಜೂಜಿನ ಚಟದಿಂದ ಕಷ್ಟಪಟ್ಟು ಹೊರಗೆ ಬಂದವರೂ ನಮ್ಮ ಮಧ್ಯ ಇದಾರೆ, ಅವ್ರ ಮುಂದೆ ಈ ಆಟದ ಮಾತೇ ಎತ್ತಲ್ಲ, ನನ್ನ ಸ್ವಾತಂತ್ರ್ಯ ಬಲಹೀನನನ್ನ ಎಡವಿಸಬಾರ್ದು ಅನ್ನೋ 1 ಕೊರಿಂಥ 8ರ ವಿಷಯ ಅದು. ನಮ್ಮ ಟೇಬಲ್‌ನಲ್ಲೂ ಯಾರಾದ್ರೂ ಸಾಲ ಮಾಡಿ ಆಡ್ತಿದಾರೆ ಅಂತ ಡೌಟ್ ಬಂದ್ರೆ ಅವ್ರನ್ನ ಸಿನಿಮಾಗೆ ಕರೀತೀನಿ, ಆಟಕ್ಕಲ್ಲ.

ಯಾರಾದ್ರೂ ನಿಜವಾಗಿ ಕೇಳಿದ್ರೆ ಅಲ್ಲೇ ಪಾಠ ಶುರು ಮಾಡಲ್ಲ, ಅದ್ರಲ್ಲೂ ಕುಡ್ದಿದ್ರೆ ಇಲ್ವೇ ಇಲ್ಲ, ಮಾರನೇ ದಿನ ಫೋನ್ ಮಾಡ್ತೀನಿ. 1 ಪೇತ್ರ 3:15ರಲ್ಲಿ ಕೇಳಿದವರಿಗೆ ಉತ್ತರ ಕೊಡೋಕೆ ರೆಡಿ ಇರಿ ಅಂತ ಇದೆ, ಅದನ್ನ ಸೌಮ್ಯವಾಗಿ ಗೌರವದಿಂದ ಮಾಡಿ ಅಂತಾನೂ ಇದೆ, ನಮ್ಮ ಜನ ಈ ಎರಡನೇ ಅರ್ಧ ಓದೋದೇ ಕಮ್ಮಿ. ಒಬ್ಬ ಅವರಮ್ಮನ ಆಪರೇಷನ್ ಇದೆ ಪ್ರಾರ್ಥನೆ ಮಾಡ್ತೀಯಾ ಅಂದ, ಮಾಡ್ದೆ, ಮುಂದಿನ ಸಲ ಸಿಕ್ಕಾಗ ಅಮ್ಮ ಹೆಂಗಿದಾರೆ ಅಂತ ಮೊದ್ಲು ಅದನ್ನೇ ಕೇಳ್ದೆ. ಅವ್ನು ಇವತ್ತಿಗೂ ಸಭೆಗೆ ಬಂದಿಲ್ಲ. ಆದ್ರೆ ಲೂಕನ ಸುವಾರ್ತೆ ಓದ್ತಿದಾನೆ, 15ನೇ ಅಧ್ಯಾಯಕ್ಕೆ ಬಂದು ನಿಂತಿದಾನೆ, ದುಡ್ಡೆಲ್ಲ ಹಾಳು ಮಾಡಿ ವಾಪಸ್ ಬಂದ ಚಿಕ್ಕ ಮಗನಿಗೆ ಅಪ್ಪ ಹಬ್ಬ ಮಾಡೋ ಕಥೆ ಅದು, ಮನೇಲಿದ್ದು ದುಡಿದ ದೊಡ್ಡ ಮಗನಿಗೆ ಅಪ್ಪ ಮಾಡಿದ್ದು ಅನ್ಯಾಯ ಅಂತ ಫೋಲ್ಡ್ ಮಾಡಿದಾಗೆಲ್ಲ ನನ್ನ ಹತ್ರ ಜಗಳ ಆಡ್ತಾನೆ, ನಾನೂ ಬಿಡಲ್ಲ, ಡೀಲರ್ ನಿಮ್ಮ ಬ್ಲೈಂಡ್ (ಕಾರ್ಡು ಹಂಚೋ ಮೊದ್ಲೇ ಇಡೋ ಬೆಟ್) ಹಾಕ್ರಪ್ಪಾ ಅಂತ ಕೂಗೋವರೆಗೂ.