ಪ್ರಕಟನೆ ಗ್ರಂಥದ ಸಾಂಕೇತಿಕ ರೂಪಗಳನ್ನು ಓದುವ ಕ್ರಮ

ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯನ್ನು ಕೈಗೆತ್ತಿಕೊಂಡ ಅನೇಕರು ನೇರವಾಗಿ ಹದಿಮೂರನೆಯ ಅಧ್ಯಾಯಕ್ಕೆ ಹೋಗಿ, ಸಮುದ್ರದಿಂದ ಏರಿಬರುವ ಮೃಗ ಯಾರು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಮುಂಚೆ ಮಾಡಬೇಕಾದ ಕೆಲಸಗಳಿವೆ. ಅವುಗಳನ್ನು ಬಿಟ್ಟು ಮುಂದುವರಿದವರು ಪ್ರತಿ ಶತಮಾನದಲ್ಲೂ ತಮ್ಮ ಕಾಲದ ಶತ್ರುವಿನ ಮುಖವನ್ನೇ ಆ ಮೃಗದಲ್ಲಿ ಕಂಡಿದ್ದಾರೆ.

ಮೊದಲನೆಯದಾಗಿ, ಇಪ್ಪತ್ತೆರಡು ಅಧ್ಯಾಯಗಳನ್ನೂ ಒಮ್ಮೆ ಓದಿ, ಗ್ರಂಥವು ತನ್ನ ಸಂಕೇತಗಳಿಗೆ ತಾನೇ ಅರ್ಥ ಹೇಳುವ ವಚನಗಳನ್ನು ಗುರುತು ಹಾಕಿಕೊಳ್ಳಬೇಕು. ಏಳು ದೀಪಸ್ತಂಭಗಳೆಂದರೆ ಏಳು ಸಭೆಗಳು, ಅಂದರೆ ಕ್ರೈಸ್ತ ಸಮುದಾಯಗಳು, ಏಳು ನಕ್ಷತ್ರಗಳೆಂದರೆ ಆ ಸಭೆಗಳ ದೂತರು ಎಂದು 1:20ರಲ್ಲೇ (ಮೊದಲ ಅಧ್ಯಾಯದ 20ನೆಯ ವಚನ) ಇದೆ. ಧೂಪ ತುಂಬಿದ ಬಟ್ಟಲುಗಳು ದೇವಜನರ ಪ್ರಾರ್ಥನೆಗಳು (5:8). ಘಟಸರ್ಪವು ಪಿಶಾಚನೆಂದೂ ಸೈತಾನನೆಂದೂ ಕರೆಯಲ್ಪಡುವ ಪುರಾತನ ಸರ್ಪ (12:9). ಮಹಾ ಜಾರಸ್ತ್ರೀ ಕುಳಿತಿರುವ ನೀರು ಜನಗಳನ್ನೂ ಜನಾಂಗಗಳನ್ನೂ ಸೂಚಿಸುತ್ತದೆ (17:15), ಆ ಸ್ತ್ರೀಯೇ ಭೂರಾಜರ ಮೇಲೆ ಪ್ರಭುತ್ವ ನಡೆಸುವ ಮಹಾನಗರಿ (17:18). ಇಂಥ ಕಡೆಗಳಲ್ಲಿ ಓದುಗನ ಕಲ್ಪನೆಗೆ ಕೆಲಸವಿಲ್ಲ. ಗ್ರಂಥವೇ ಕೊಟ್ಟ ಅರ್ಥವನ್ನು ಬದಿಗಿಟ್ಟು ಹೊಸದನ್ನು ಹುಡುಕುವ ವ್ಯಾಖ್ಯಾನವನ್ನು ಆರಂಭದಲ್ಲೇ ಸಂದೇಹದಿಂದ ನೋಡುವುದು ಒಳ್ಳೆಯದು.

ಎರಡನೆಯ ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕು. ಗ್ರಂಥ ಅರ್ಥ ಹೇಳದ ರೂಪಗಳಲ್ಲಿ ಬಹುಪಾಲು ಹಳೆಯ ಒಡಂಬಡಿಕೆಯಿಂದ ಬಂದಿರುವುದರಿಂದ, ದಾನಿಯೇಲ, ಯೆಹೆಜ್ಕೇಲ, ಜೆಕರ್ಯ ಮತ್ತು ಯೆಶಾಯ ಗ್ರಂಥಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕು. ದಾನಿಯೇಲ 7ರಲ್ಲಿ ಸಮುದ್ರದಿಂದ ನಾಲ್ಕು ಮೃಗಗಳು ಬರುತ್ತವೆ: ಸಿಂಹದಂಥದು, ಕರಡಿಯಂಥದು, ನಾಲ್ಕು ತಲೆಗಳ ಚಿರತೆಯಂಥದು, ಕಬ್ಬಿಣದ ಹಲ್ಲುಗಳೂ ಹತ್ತು ಕೊಂಬುಗಳೂ ಇರುವ ಹೆಸರಿಲ್ಲದ ಭಯಂಕರ ಮೃಗ. ಇವು ನಾಲ್ಕು ರಾಜರು ಎಂದು ಅಲ್ಲಿಯೇ ವಿವರಣೆಯಿದೆ. ಪ್ರಕಟನೆ 13ರ ಮೃಗಕ್ಕೆ ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ, ಹತ್ತು ಕೊಂಬು; ದಾನಿಯೇಲನ ನಾಲ್ಕು ಮೃಗಗಳ ತಲೆಗಳನ್ನು ಕೂಡಿಸಿದರೆ ಬರುವಷ್ಟೇ, ಅಂದರೆ ಏಳು ತಲೆ. ಹಿಂದಿನ ದರ್ಶನದಲ್ಲಿ ಒಂದರ ನಂತರ ಒಂದು ಬಂದ ಸಾಮ್ರಾಜ್ಯಗಳ ಕ್ರೌರ್ಯವೆಲ್ಲ ಒಂದೇ ಶರೀರದಲ್ಲಿ ಸೇರಿದೆ ಎಂಬುದು ಇದರಿಂದ ತಿಳಿಯುತ್ತದೆ. ಹೀಗೆ ನೋಡಿದಾಗ ಮೃಗವು ಒಬ್ಬ ವ್ಯಕ್ತಿಗಿಂತ ಮೊದಲು ಒಂದು ಬಗೆಯ ರಾಜಪ್ರಭುತ್ವ.

ಸೂರ್ಯನನ್ನು ಹೊದ್ದುಕೊಂಡು, ಚಂದ್ರನನ್ನು ಪಾದದಡಿ ಇಟ್ಟು, ಹನ್ನೆರಡು ನಕ್ಷತ್ರಗಳ ಕಿರೀಟ ಧರಿಸಿದ ಸ್ತ್ರೀಗೂ (12:1) ಇದೇ ಕ್ರಮ ಅನ್ವಯಿಸುತ್ತದೆ. ಆದಿಕಾಂಡ 37ರಲ್ಲಿ ಯೋಸೇಫನ ಕನಸಿನ ಸೂರ್ಯ, ಚಂದ್ರ, ನಕ್ಷತ್ರಗಳು ಇಸ್ರಾಯೇಲ್ ಎಂಬ ಇನ್ನೊಂದು ಹೆಸರಿದ್ದ ಯಾಕೋಬನ ಕುಟುಂಬ. ಆದ್ದರಿಂದ ಮೆಸ್ಸೀಯನನ್ನು ಹಡೆಯುವ ಈಕೆ ಇಸ್ರಾಯೇಲ್ ಎಂಬ ಅರ್ಥಕ್ಕೆ ಬಲವಾದ ಆಧಾರವಿದೆ. ಸಭೆ ಎಂದವರೂ ಯೇಸುವಿನ ತಾಯಿ ಮರಿಯಳು ಎಂದವರೂ ಇದ್ದಾರೆ, ಮತ್ತು ಮಗು ಹುಟ್ಟಿದ ನಂತರವೂ ಆಕೆಯ ಉಳಿದ ಸಂತಾನವು ಹಿಂಸೆಗೆ ಗುರಿಯಾಗುವುದರಿಂದ ಈ ಅರ್ಥಗಳು ಒಂದನ್ನೊಂದು ಹೊರದೂಡಬೇಕಾಗಿಲ್ಲ. ಹನ್ನೊಂದನೆಯ ಅಧ್ಯಾಯದ ಇಬ್ಬರು ಸಾಕ್ಷಿಗಳ ಎಣ್ಣೆಮರಗಳು ಜೆಕರ್ಯ 4ರಿಂದಲೂ, ಮಳೆಯನ್ನು ತಡೆಯುವ ಮತ್ತು ನೀರನ್ನು ರಕ್ತವಾಗಿಸುವ ಅಧಿಕಾರ ಎಲೀಯ ಮತ್ತು ಮೋಶೆಯರಿಂದಲೂ ಬಂದಿವೆ.

ಮೂರನೆಯದಾಗಿ, ಈ ಮಾತುಗಳನ್ನು ಮೊದಲು ಕೇಳಿದವರನ್ನು ನೆನಪಿಡಬೇಕು. ಪತ್ಮೋಸ್ ದ್ವೀಪದಿಂದ ಗ್ರಂಥಕರ್ತನಾದ ಯೋಹಾನನು ಬರೆದದ್ದು ರೋಮನ್ನರ ಆಸ್ಯ ಪ್ರಾಂತದ, ಅಂದರೆ ಇಂದಿನ ಪಶ್ಚಿಮ ಟರ್ಕಿಯ, ಏಳು ಸಭೆಗಳಿಗೆ. ದರ್ಶನವಾದದ್ದು ದೊಮಿಷಿಯನ್ ಚಕ್ರವರ್ತಿಯ (81-96) ಆಳ್ವಿಕೆಯ ಕೊನೆಯಲ್ಲಿ ಎಂದು ಎರಡನೆಯ ಶತಮಾನದ ಬಿಷಪ್ ಇರೇನಿಯಸ್ ಹೇಳುತ್ತಾನೆ, ಕ್ರಿ.ಶ. 70ರಲ್ಲಿ ಜೆರುಸಲೇಮ್ ಬೀಳುವ ಮೊದಲೇ ಎನ್ನುವ ವಿದ್ವಾಂಸರೂ ಇದ್ದಾರೆ. ಕಾಲ ಯಾವುದೇ ಆಗಲಿ, ಚಕ್ರವರ್ತಿಯ ಪೂಜೆಗೆ ದೇವಾಲಯಗಳಿದ್ದ ಪೆರ್ಗಮದಂಥ ನಗರಗಳಲ್ಲಿದ್ದ ಕೇಳುಗರಿಗೆ, ಏಳು ತಲೆಗಳೆಂದರೆ ಏಳು ಬೆಟ್ಟಗಳು (17:9) ಎಂದೊಡನೆ ಏಳು ಬೆಟ್ಟಗಳ ನಗರವಾದ ರೋಮ್ ಕಣ್ಣಮುಂದೆ ಬಂದಿರಬೇಕು. ಅವರಿಗೆ ಏನೂ ತಿಳಿಯದಿದ್ದ, ನಮ್ಮ ಕಾಲದ ಯಂತ್ರಗಳಿಗೆ ಮಾತ್ರ ಹೊಂದುವ ಅರ್ಥವೊಂದನ್ನು ಒಪ್ಪುವ ಮುನ್ನ ಎರಡು ಸಲ ಯೋಚಿಸಬೇಕು.

ಇನ್ನು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕ್ರಮವೆಂದರೆ ರೂಪಗಳನ್ನು ಜೋಡಿಯಾಗಿ ಓದುವುದು. ಕೊಯ್ಯಲ್ಪಟ್ಟಂತೆ ನಿಂತಿರುವ ಕುರಿಮರಿಯ, ಅಂದರೆ ಕ್ರಿಸ್ತನ (5:6) ಎದುರಿಗೆ, ಒಂದು ತಲೆಗೆ ಮರಣಕರವಾದ ಗಾಯವಾಗಿ ವಾಸಿಯಾದ ಮೃಗ (13:3) ನಿಂತಿದೆ. ಕುರಿಮರಿಯ ಜನರ ಹಣೆಯ ಮೇಲೆ ಆತನ ಮತ್ತು ಆತನ ತಂದೆಯ ಹೆಸರಿದ್ದರೆ, ಮೃಗದ ಜನರ ಬಲಗೈ ಅಥವಾ ಹಣೆಯ ಮೇಲೆ ಅದರ ಗುರುತಿದೆ. ಭೂಮಿಯಿಂದ ಬರುವ ಎರಡನೆಯ ಮೃಗಕ್ಕೆ ಕುರಿಮರಿಯಂತೆ ಎರಡು ಕೊಂಬುಗಳಿದ್ದರೂ ಅದರ ಮಾತು ಘಟಸರ್ಪದ್ದು. ಮುಂದೆ ಅದಕ್ಕೇ ಸುಳ್ಳು ಪ್ರವಾದಿ ಎಂಬ ಹೆಸರು ಬರುತ್ತದೆ (19:20). ಜಾರಸ್ತ್ರೀಯಾದ ಬಾಬೆಲ್ ನಗರಕ್ಕೆ ಎದುರಾಗಿ ಮದಲಗಿತ್ತಿಯಾದ ಹೊಸ ಜೆರುಸಲೇಮ್ ಇದೆ. ದುಷ್ಟತನವು ಇಲ್ಲಿ ಸ್ವಂತ ರೂಪವಿಲ್ಲದೆ, ಒಳ್ಳೆಯದರ ವೇಷವನ್ನು ನಕಲು ಮಾಡಿಕೊಂಡೇ ಜನರ ಆರಾಧನೆಯನ್ನು ಕೇಳುತ್ತದೆ. ಆದುದರಿಂದ ಹಣೆಯ ಗುರುತನ್ನು ಓದುವಾಗ, ಅದು ಯಾವ ಉಪಕರಣ ಎಂದು ಹುಡುಕುವುದಕ್ಕಿಂತ ಅದು ಯಾರಿಗೆ ಸೇರಿದ ನಿಷ್ಠೆಯನ್ನು ತೋರಿಸುತ್ತದೆ ಎಂದು ಕೇಳುವುದು ಗ್ರಂಥದ ಓಟಕ್ಕೆ ಹತ್ತಿರವಾದದ್ದು.

ಯೋಹಾನನು ಕೇಳಿದ್ದಕ್ಕೂ ಕಂಡದ್ದಕ್ಕೂ ಇರುವ ಸಂಬಂಧವೂ ಇಂಥದೇ. ಐದನೆಯ ಅಧ್ಯಾಯದಲ್ಲಿ ಆತನು ಯೂದಕುಲದ ಸಿಂಹದ ವಿಷಯ ಕೇಳಿ, ತಿರುಗಿ ನೋಡಿದಾಗ ಕಾಣುವುದು ಕುರಿಮರಿಯನ್ನು. ಏಳನೆಯದರಲ್ಲಿ ಹನ್ನೆರಡು ಕುಲಗಳಿಂದ ತಲಾ 12,000ದಂತೆ 1,44,000 ಎಂಬ ಸಂಖ್ಯೆಯನ್ನು ಕೇಳುತ್ತಾನೆ. ನಂತರ ಕಾಣುವುದು ಯಾರಿಂದಲೂ ಎಣಿಸಲಾಗದ ಮಹಾಸಮೂಹ. ಎರಡೂ ಒಂದೇ ಜನವೆಂದು ಎಲ್ಲರೂ ಒಪ್ಪುವುದಿಲ್ಲ, ಆದರೆ ಹನ್ನೆರಡರ ವರ್ಗವನ್ನು ಸಾವಿರದಿಂದ ಗುಣಿಸಿದ ಸಂಖ್ಯೆಯು ದೇವಜನರ ಪೂರ್ಣತೆಯನ್ನು ಸೂಚಿಸುತ್ತದೆ ಎಂಬ ಓದಿಗೆ ಈ ವಿನ್ಯಾಸ ಬಲ ಕೊಡುತ್ತದೆ. 42 ತಿಂಗಳು, 1260 ದಿನ, ಮೂರುವರೆ ಕಾಲ (ಅಂದರೆ ವರ್ಷ) ಎಂಬಿವು ಒಂದೇ ಅವಧಿಯ ಮೂರು ಲೆಕ್ಕಗಳು; ಮೂಲ ದಾನಿಯೇಲ 7:25.

ಮೃಗದ ಸಂಖ್ಯೆಯಾದ 666ಕ್ಕೆ (13:18) ಬಂದರೆ, ಪ್ರಾಚೀನರು ಅಕ್ಷರಗಳನ್ನೇ ಅಂಕೆಗಳಾಗಿ ಬಳಸುತ್ತಿದ್ದುದರಿಂದ ಪ್ರತಿ ಹೆಸರಿಗೂ ಒಂದು ಮೊತ್ತವಿತ್ತು. ಹೀಬ್ರೂ ಅಕ್ಷರಗಳಲ್ಲಿ ‘ನೆರೋನ್ ಕೈಸರ್’, ಅಂದರೆ ರೋಮನ್ ಚಕ್ರವರ್ತಿ ನೀರೋ, ಎಂದು ಬರೆದರೆ 306 ಮತ್ತು 360 ಸೇರಿ 666 ಆಗುತ್ತದೆ. ಕೊನೆಯ ನಕಾರ ಬಿಟ್ಟರೆ 616. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಎಂದೇ ಇರುವುದು ನೀರೋನ ಪಕ್ಷಕ್ಕೆ ಒಳ್ಳೆಯ ಆಧಾರ. ಆದರೂ ಇರೇನಿಯಸ್ 616ನ್ನು ತಿರಸ್ಕರಿಸಿ, ಗ್ರೀಕಿನಲ್ಲಿ 666 ಆಗುವ ಹಲವು ಹೆಸರುಗಳನ್ನು ತೋರಿಸಿ, ಊಹೆಗಿಂತ ನೆರವೇರಿಕೆಗಾಗಿ ಕಾಯುವುದು ಸುರಕ್ಷಿತ ಎಂದಿದ್ದಾನೆ. ಮೊತ್ತವೊಂದಕ್ಕೆ ಹೆಸರುಗಳು ಅನೇಕ ಸಿಗುವುದರಿಂದ, ಮೊತ್ತ ಹೊಂದಿತು ಎಂಬುದೊಂದೇ ಪ್ರಮಾಣವಾಗಲಾರದು.

ಬೇರೆ ಬೇರೆ ಪುಸ್ತಕಗಳ ರೂಪಗಳನ್ನು ಅವಸರದಲ್ಲಿ ಬೆರೆಸದಿರುವುದೂ ಮುಖ್ಯ. ಕ್ರಿಸ್ತವಿರೋಧಿ ಎಂಬ ಹೆಸರು ಪ್ರಕಟನೆಯಲ್ಲಿ ಎಲ್ಲೂ ಇಲ್ಲ. ಅದು ಯೋಹಾನನ ಮೊದಲ ಎರಡು ಪತ್ರಿಕೆಗಳಲ್ಲಿದೆ, ಮತ್ತು ಅಲ್ಲಿ ಈಗಾಗಲೇ ಅನೇಕ ಕ್ರಿಸ್ತವಿರೋಧಿಗಳು ಬಂದಿದ್ದಾರೆ ಎನ್ನಲಾಗಿದೆ. ದೇವರಿಗೆ ಎದುರಾಗಿ ತನ್ನನ್ನು ಹೆಚ್ಚಿಸಿಕೊಳ್ಳುವ ಅಧರ್ಮಸ್ವರೂಪನು ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರಿಕೆಯವನು. ದಾನಿಯೇಲನ ನಾಲ್ಕನೆಯ ಮೃಗದ ಕೊಂಬುಗಳ ನಡುವೆ ಏಳುವ ಚಿಕ್ಕ ಕೊಂಬನ್ನು ಅನೇಕ ವಿದ್ವಾಂಸರು ಕ್ರಿ.ಪೂ. 175ರಿಂದ 164ರವರೆಗೆ ಆಳಿದ ಸಿರಿಯಾದ ಗ್ರೀಕ್ ರಾಜ ನಾಲ್ಕನೆಯ ಅಂತಿಯೋಕನೆಂದು ಗುರುತಿಸುತ್ತಾರೆ. ಇವರೆಲ್ಲ ಒಬ್ಬನೇ ಎಂದು ವಾದಿಸಬಹುದು, ಆದರೆ ವಾದಿಸಬೇಕು; ಸುಮ್ಮನೆ ಊಹಿಸಿಕೊಳ್ಳಬಾರದು.

ವ್ಯಾಖ್ಯಾನಗಳನ್ನು ಓದುವಾಗ ಲೇಖಕನು ಯಾವ ಪಂಥದವನೆಂದು ಮೊದಲೇ ಗಮನಿಸಿ: ಎಲ್ಲವೂ ಮೊದಲ ಶತಮಾನದಲ್ಲೇ ಬಹುಮಟ್ಟಿಗೆ ನೆರವೇರಿತು ಎನ್ನುವವರು, ಸಭೆಯ ಇತಿಹಾಸದುದ್ದಕ್ಕೂ ನೆರವೇರುತ್ತಿದೆ ಎನ್ನುವವರು, ಹೆಚ್ಚಿನದು ಇನ್ನೂ ಮುಂದಿದೆ ಎನ್ನುವವರು, ಎಲ್ಲ ಕಾಲದ ಹೋರಾಟದ ಚಿತ್ರವೆನ್ನುವವರು. ವ್ಯಾಖ್ಯಾನವು ತಾರೀಖಿಗೆ ಇಳಿದರೆ ಮಾತ್ರ ಪುಸ್ತಕ ಮುಚ್ಚಬಹುದು. ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದು ಎಣಿಸಿದ ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನಿಗಾಗಿ ಕಾದು ನಿರಾಶರಾದರು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ರೂಪಗಳು ಜಗ್ಗುವುದಿಲ್ಲ. ಆರನೆಯ ಅಧ್ಯಾಯದ ನಾಲ್ವರು ಸವಾರರಲ್ಲಿ ಕೆಂಪು, ಕಪ್ಪು ಮತ್ತು ಬಿಳಿಚಿಕೊಂಡ ಕುದುರೆಗಳವರು ಯುದ್ಧ, ಕ್ಷಾಮ ಮತ್ತು ಮರಣ ಎಂಬುದು ಸ್ಪಷ್ಟ. ಬಿಲ್ಲು ಹಿಡಿದು ಬಿಳಿ ಕುದುರೆಯ ಮೇಲೆ ಬರುವವನನ್ನು, 19:11ರ ಬಿಳಿ ಕುದುರೆಯ ಸವಾರನನ್ನು ನೋಡಿ ಕ್ರಿಸ್ತನೆಂದವರಿದ್ದಾರೆ. ಉಳಿದ ಮೂವರ ಸಾಲಿನಲ್ಲಿರುವುದರಿಂದ ದಂಡೆತ್ತಿ ಬರುವ ವಿಜೇತನೆಂದೋ ಕ್ರಿಸ್ತನನ್ನು ಅನುಕರಿಸುವ ವಂಚಕನೆಂದೋ ಹೇಳಿದವರಿದ್ದಾರೆ. ಜೋಡಿಗಳ ಕ್ರಮ ನನ್ನನ್ನು ಎರಡನೆಯ ಗುಂಪಿನ ಕಡೆಗೆ ಒಯ್ಯುತ್ತದೆ, ಆದರೂ ಅಂಚಿನ ಟಿಪ್ಪಣಿಯಲ್ಲಿ ಎರಡೂ ಅರ್ಥಗಳನ್ನು ಅವುಗಳ ಆಧಾರವಚನಗಳೊಂದಿಗೆ ಬರೆದಿಟ್ಟುಕೊಳ್ಳುವುದೇ ಸರಿ.