ಒವನ್ ಬೇಡದ ಕ್ರಿಸ್ಮಸ್ ಕ್ಯಾಂಡಿ ಕರಕುಶಲ: ಮೊದಲು ಅಂಟು, ಆಮೇಲೆ ಅಲಂಕಾರ

ಬಿಸ್ಕತ್ತಿನ ಪುಟ್ಟ ಮನೆ, ಕ್ಯಾಂಡಿ ಕೇನ್ (ಕೊಕ್ಕೆಯಾಕಾರದ ಪಟ್ಟೆ ಮಿಠಾಯಿ) ಜಾರುಬಂಡಿ (ಹಿಮದ ಮೇಲೆ ಜಾರುವ ಗಾಡಿ), ಕೋನ್ ಮರ, ಪೆಪ್ಪರ್‌ಮಿಂಟ್ ಬಾರ್ಕ್ (ಮಿಠಾಯಿ ಚೂರು ಉದುರಿಸಿದ ಎರಡು ಪದರದ ಚಾಕೊಲೇಟ್ ಹಾಳೆ). ಇವುಗಳಲ್ಲಿ ಯಾವುದಕ್ಕೂ ಒವನ್ ಬೇಕಿಲ್ಲ. ಒವನ್ ಇಲ್ಲ ಅಂದಮಾತ್ರಕ್ಕೆ ಕೆಲಸ ಸುಲಭ ಅಂತಲೂ ಅಲ್ಲ. ಚಾವಣಿ ಜಾರಿತು, ಚಾಕೊಲೇಟ್ ಗಂಟುಗಂಟಾಯಿತು, ಕೆಂಪು ಪಟ್ಟೆಯ ಬಣ್ಣ ಹಿಮದಂತೆ ಹಚ್ಚಿದ ಬಿಳಿ ಲೇಪಕ್ಕೆ ಇಳಿಯಿತು ಅನ್ನುವ ದೂರುಗಳ ಮೂಲ ಹೆಚ್ಚಿನ ಸಲ ಒಂದೇ: ಆ ಜಾಗಕ್ಕೆ ಸಲ್ಲದ ಅಂಟು, ಇಲ್ಲವೇ ಅಂಟಿನೊಳಗೆ ಸೇರಿದ ನೀರು. ಆದ್ದರಿಂದ ಬಣ್ಣದ ಮಿಠಾಯಿ ಕೊಳ್ಳುವ ಮುಂಚೆ ಅಂಟು ಯಾವುದು ಅಂತ ತೀರ್ಮಾನವಾಗಲಿ.

ಗೋಡೆ, ಚಾವಣಿಯಂಥ ಭಾರ ಹೊರುವ ಕಡೆಗೆ ರಾಯಲ್ ಐಸಿಂಗ್, ಅಂದರೆ ಒಣಗಿ ಗಟ್ಟಿಯಾಗುವ ಸಕ್ಕರೆ-ಮೊಟ್ಟೆಬಿಳಿಯ ಲೇಪ. ಬೇಗ ಹಿಡಿದುಕೊಳ್ಳಬೇಕಾದ ಚಿಕ್ಕ ತುಣುಕುಗಳಿಗೆ ಕರಗಿಸಿದ ಚಾಕೊಲೇಟ್. ತಿನ್ನಲಿಕ್ಕಲ್ಲ, ನೋಡಲಿಕ್ಕೆ ಮಾತ್ರ ಅನ್ನುವ ಅಲಂಕಾರಕ್ಕೆ ಗ್ಲೂ ಗನ್ ಅಥವಾ ಎರಡು ಬದಿ ಅಂಟುವ ಟೇಪು. ಕೇಕಿನ ಮೇಲೆ ಹಚ್ಚುವ ಬೆಣ್ಣೆ ಕ್ರೀಮನ್ನು ಕಟ್ಟಡಕ್ಕೆ ಬಳಸಲೇಬೇಡಿ. ಅದರಲ್ಲಿರುವ ಕೊಬ್ಬು ಒಳಗಿನವರೆಗೆ ಗಟ್ಟಿಯಾಗುವುದಿಲ್ಲ, ಗೋಡೆ ನಿಧಾನವಾಗಿ ವಾಲುತ್ತಾ ಹೋಗುತ್ತದೆ.

ರಾಯಲ್ ಐಸಿಂಗ್

ಒಂದು ಮನೆಗೆ, ಮೇಲಿನ ಹಿಮವೂ ಸೇರಿ, ಐಸಿಂಗ್ ಶುಗರ್ (ನುಣ್ಣನೆಯ ಸಕ್ಕರೆ ಪುಡಿ) 300 ಗ್ರಾಂ, ಮೆರಾಂಗ್ ಪೌಡರ್ 20 ಗ್ರಾಂ, ನೀರು 50ರಿಂದ 60 ಮಿ.ಲೀ. ಸಾಕು. ಮೆರಾಂಗ್ ಪೌಡರ್ ಅಂದರೆ ಮುಖ್ಯವಾಗಿ ಒಣಗಿಸಿದ ಮೊಟ್ಟೆಯ ಬಿಳಿಭಾಗ. ಹಸಿ ಮೊಟ್ಟೆಯ ಬಿಳಿಯಿಂದಲೂ ಮಾಡಬಹುದು. ಆದರೆ ಅದರಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಭಯ ಇದ್ದೇ ಇದೆ, ಮಕ್ಕಳು ಮುರಿದು ತಿನ್ನುವ ವಸ್ತುವಿಗೆ ಪುಡಿಯೇ ಮೇಲು.

ಸಕ್ಕರೆಯನ್ನು ತಪ್ಪದೆ ಜರಡಿ ಹಿಡಿಯಿರಿ. ಸಣ್ಣದೊಂದು ಗಂಟು ಉಳಿದರೂ ಐಸಿಂಗ್ ಹಿಂಡುವ ಚೀಲದ (ಪೈಪಿಂಗ್ ಬ್ಯಾಗ್) ಮೂತಿ ಕಟ್ಟಿಕೊಳ್ಳುತ್ತದೆ, ಒತ್ತಿದರೆ ಚೀಲ ಹಿಂದಿನಿಂದ ಒಡೆಯುತ್ತದೆ. ಪಾತ್ರೆಯಲ್ಲಿ ಒಂಚೂರೂ ಜಿಡ್ಡು ಇರಬಾರದು. ಕೊಬ್ಬು ಸೋಕಿದರೆ ಬಿಳಿಭಾಗದ ನೊರೆ ಏಳುವುದಿಲ್ಲ. ಪ್ಲಾಸ್ಟಿಕ್ ಬೋಗುಣಿ ಎಷ್ಟು ತೊಳೆದರೂ ಜಿಡ್ಡು ಹಿಡಿದುಕೊಂಡಿರುತ್ತದೆ, ಸ್ಟೀಲು ಅಥವಾ ಗಾಜಿನದನ್ನೇ ತೆಗೆದುಕೊಳ್ಳಿ. ಕಡಿಮೆ ವೇಗದಲ್ಲಿ 7ರಿಂದ 10 ನಿಮಿಷ ಬೀಟರ್ ಆಡಿಸಿ. ಅವಸರಕ್ಕೆ ವೇಗ ಏರಿಸಿದರೆ ಗಾಳಿಗುಳ್ಳೆ ಹೆಚ್ಚಾಗಿ, ಒಣಗಿದ ಮೇಲೆ ಐಸಿಂಗ್ ಪೊಳ್ಳಾಗಿ ಮುರಿಯುತ್ತದೆ.

ಹದ ನೋಡುವ ಬಗೆ ಹೀಗೆ: ಐಸಿಂಗಿನ ಮಧ್ಯೆ ಚಾಕುವಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಎಳೆದಂತೆಯೇ ಉಳಿದು, ಅಂಚುಗಳು ಚೂಪಾಗಿ ನಿಂತಿದ್ದರೆ ಗೋಡೆ ಕಟ್ಟಲು ಸರಿ. ಗೆರೆ ಮೆಲ್ಲಗೆ ಮುಚ್ಚಿಕೊಳ್ಳುತ್ತಾ ಬಂದರೆ ತೆಳು. ಒಂದೊಂದೇ ದೊಡ್ಡ ಚಮಚ ಸಕ್ಕರೆ ಸೇರಿಸಿ ಮತ್ತೆ ನೋಡಿ. ಸೂರಿನಿಂದ ಇಳಿಬೀಳುವ ಹಿಮದ ಕಡ್ಡಿಗಳಿಗೆ ಮಾತ್ರ ಸ್ವಲ್ಪ ಸಡಿಲ ಬೇಕು, ಅಷ್ಟನ್ನು ಬೇರೆ ಬಟ್ಟಲಿಗೆ ತೆಗೆದು ಹನಿ ಲೆಕ್ಕದಲ್ಲಿ ನೀರು ಬೆರೆಸಿ. ಬಳಸದೆ ಇರುವಷ್ಟು ಹೊತ್ತು ಬೋಗುಣಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿರಲಿ, ಇಲ್ಲದಿದ್ದರೆ ನಿಮಿಷಗಳಲ್ಲಿ ಮೇಲೆ ಹೊಪ್ಪಳಿಕೆ ಕಟ್ಟುತ್ತದೆ.

ಬಿಸ್ಕತ್ತಿನ ಮನೆ

ಸುಮಾರು 12 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ, ಗಟ್ಟಿ ಕಡಿತದ ಚಪ್ಪಟೆ ಬಿಸ್ಕತ್ತು ಆರು ಬೇಕು. ಮುರಿದುಹೋಗುವ ಲೆಕ್ಕಕ್ಕೆ ಇನ್ನೂ ನಾಲ್ಕು ಇಟ್ಟುಕೊಳ್ಳಿ. ಬೆಣ್ಣೆ ಹೆಚ್ಚಿರುವ, ಬಾಯಲ್ಲಿಟ್ಟರೆ ಪುಡಿಯಾಗುವ ಬಿಸ್ಕತ್ತು ಈ ಕೆಲಸಕ್ಕೆ ಬರುವುದಿಲ್ಲ.

ಎರಡು ಇಡೀ ಬಿಸ್ಕತ್ತು ಅಡ್ಡಲಾಗಿ ನಿಂತು ಉದ್ದ ಗೋಡೆಯಾಗುತ್ತವೆ. ಎರಡು ಚಾವಣಿಗೆ. ಉಳಿದ ಎರಡನ್ನು ಮುಂದಿನ ಮತ್ತು ಹಿಂದಿನ ಗೋಡೆಗಾಗಿ ಕತ್ತರಿಸಬೇಕು. ಬಿಸ್ಕತ್ತನ್ನು ಉದ್ದುದ್ದ ಹಿಡಿದು ಒಟ್ಟು ಎತ್ತರ 9.5 ಸೆಂ.ಮೀ.ಗೆ ಇಳಿಸಿ. ಬುಡದಿಂದ 6.5 ಸೆಂ.ಮೀ. ಎತ್ತರದಲ್ಲಿ ಎರಡೂ ಪಕ್ಕ ಗುರುತು ಹಾಕಿ, ಅಲ್ಲಿಂದ ಮೇಲಂಚಿನ ನಡುವಿನವರೆಗೆ ಓರೆಯಾಗಿ ಕೊಯ್ದರೆ ತ್ರಿಕೋನ ತಲೆ ಸಿಗುತ್ತದೆ. ಪಕ್ಕದ ಗೋಡೆ 6 ಸೆಂ.ಮೀ. ಇರುವಾಗ ಇಲ್ಲಿ ಅರ್ಧ ಸೆಂ.ಮೀ. ಹೆಚ್ಚು ಏಕೆಂದರೆ, ಉದ್ದ ಗೋಡೆಗಳು ಹೊರಬದಿಗೆ ಕೂರುತ್ತವೆ, ಚಾವಣಿ ಅವುಗಳ ತಲೆ ಮುಟ್ಟುವ ಹೊತ್ತಿಗೆ ಅಷ್ಟು ಕೆಳಗೆ ಇಳಿದಿರುತ್ತದೆ. ಈ ಅರ್ಧ ಸೆಂಟಿಮೀಟರ್ ಬಿಟ್ಟರೆ ಚಾವಣಿ ಗೋಡೆಯ ಅಂಚಿಗೆ ತಗುಲಿ ನೆತ್ತಿಯಲ್ಲಿ ಬಾಯಿ ಬಿಡುತ್ತದೆ.

ಕೊಯ್ಯಲು ಗರಗಸದ ಹಲ್ಲಿರುವ ಚಾಕು. ಒತ್ತಬೇಡಿ. ಮೊದಲು ಗೆರೆಯ ಗುಂಟ ಮೇಲೆ ಮೇಲೆ ಹತ್ತು ಸಲ ಗೀರಿ, ಆಮೇಲೆ ಭಾರ ಹಾಕದೆ ಗರಗಸದಂತೆ ಆಡಿಸಿ. ತುಂಡಾದ ಬಿಸ್ಕತ್ತನ್ನು ಎಸೆಯುವುದೇನೂ ಬೇಡ, ಹಿಂಬದಿಯಿಂದ ಐಸಿಂಗ್ ಹಚ್ಚಿ ಮಲಗಿಸಿಟ್ಟರೆ ಕೂಡಿಕೊಳ್ಳುತ್ತದೆ. ಬಿರುಕಿನ ಮೇಲೊಂದು ಮಿಠಾಯಿ ಅಂಟಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಐಸಿಂಗಿನಲ್ಲಿರುವ ನೀರನ್ನು ಬಿಸ್ಕತ್ತು ಹೀರಿ ಮೆತ್ತಗಾಗುವುದು ಇನ್ನೊಂದು ತೊಂದರೆ. ಅದಕ್ಕೆ ಕಟ್ಟುವ ಮುನ್ನ ಬಿಸ್ಕತ್ತಿನ ಒಳಮೈಗೆ ಕರಗಿಸಿದ ಚಾಕೊಲೇಟನ್ನು ತೆಳುವಾಗಿ ಸವರಿ ಒಣಗಿಸಿ, ಅಂಚಿನಲ್ಲಿ ಒಂದು ಸೆಂ.ಮೀ. ಹಾಗೇ ಬಿಡಿ. ಚಾಕೊಲೇಟಿನ ಕೊಬ್ಬು ತೇವವನ್ನು ತಡೆಯುತ್ತದೆ, ಗೋಡೆಗೂ ಒಂದಿಷ್ಟು ಬಲ ಬರುತ್ತದೆ.

ದಪ್ಪ ರಟ್ಟಿಗೆ ಫಾಯಿಲ್ ಸುತ್ತಿ ಅಡಿಪಾಯ ಮಾಡಿಕೊಳ್ಳಿ. ಹಿಂದಿನ ಗೋಡೆ ಮತ್ತು ಒಂದು ಉದ್ದ ಗೋಡೆಯನ್ನು ಮೂಲೆಗೆ ಸೇರಿಸಿ ನಿಲ್ಲಿಸಿ, ಒಳಗಿನಿಂದ ಎರಡು ಲೋಟ ಒರಗಿಸಿ. ಎರಡೇ ಗೋಡೆ ಇರುವಾಗ ಮೂಲೆ ನೆಟ್ಟಗೆ ತರುವುದು ಸುಲಭ. ಆಮೇಲೆ ಉಳಿದೆರಡು. ನಾಲ್ಕೂ ನಿಂತ ಮೇಲೆ ಲೋಟ ತೆಗೆದು, ಒಳಮೂಲೆಗಳಿಗೆ ಬೆರಳು ದಪ್ಪದ ಐಸಿಂಗ್ ತುಂಬಿ. ಹೊರಗೆ ಕಾಣುವ ಸಣ್ಣ ಗೆರೆಗಿಂತ ಒಳಗೆ ಕಾಣದ ಈ ದಪ್ಪ ಗೆರೆಯೇ ಮನೆಯನ್ನು ಹಿಡಿದಿಡುವುದು.

ಈಗ ಕೈ ಕಟ್ಟಿ ಕೂರಬೇಕು. ಚಾವಣಿ ಇಡುವ ಮುಂಚೆ ಕಡಿಮೆಯೆಂದರೆ ಒಂದು ಗಂಟೆ, ತೇವದ ಹವೆಯಿದ್ದರೆ ಎರಡು. ಬಿದ್ದ ಮನೆಗಳಲ್ಲಿ ಹೆಚ್ಚಿನವು ಈ ಒಂದು ಗಂಟೆ ಕಾಯಲಾರದೆ ಬಿದ್ದವು. ಚಾವಣಿ ಏರಿಸಿದ ಮೇಲೆ ಸೂರಿನ ಕೆಳಗೆ ಎರಡೂ ಕಡೆ ಚಿಕ್ಕ ಡಬ್ಬಿ ಆತುಕೊಟ್ಟು ಇನ್ನೊಂದು ಗಂಟೆ ಬಿಡಿ. ಅದಕ್ಕೆ ಮಿಠಾಯಿ ಅಂಟಿಸುವಾಗ ಸೂರಿನಿಂದ ಶುರುಮಾಡಿ ನೆತ್ತಿಯ ಕಡೆ ಹೋಗಿ, ಕೆಳಗಿನ ಸಾಲು ಮೇಲಿನದಕ್ಕೆ ಆಧಾರವಾಗುತ್ತದೆ. ಗೋಡೆಗಳ ಅಲಂಕಾರವನ್ನು ಮಾತ್ರ ಮಲಗಿಸಿಟ್ಟಾಗಲೇ ಮುಗಿಸುವುದು ಜಾಣತನ.

ಕೆಂಪು ಪಟ್ಟೆಯ ಕ್ಯಾಂಡಿ ಕೇನನ್ನು ಹಸಿ ಐಸಿಂಗಿನಲ್ಲಿ ಊರಿದರೆ ರಾತ್ರಿ ಕಳೆಯುವುದರೊಳಗೆ ಸುತ್ತ ಗುಲಾಬಿ ಕಲೆ ಕಾಣುತ್ತದೆ. ಬಣ್ಣದ ಹೊದಿಕೆಯ ಚಾಕೊಲೇಟ್ ಗುಂಡುಗಳದ್ದೂ ಅದೇ ಕತೆ. ಇಂಥವನ್ನು ಕೊನೆಗೆ, ಹಿಮ ಪೂರ್ತಿ ಒಣಗಿದ ಮೇಲೆ, ಬಿಳಿ ಚಾಕೊಲೇಟಿನ ಒಂದು ಚುಕ್ಕಿಯಿಂದ ಅಂಟಿಸಿ.

ತೀರಾ ಚಿಕ್ಕ ಮಕ್ಕಳ ಕೈಗೆ ಇಷ್ಟೆಲ್ಲ ಬೇಡ. ಒಂದು ಬಿಸ್ಕತ್ತು ನೆಲಕ್ಕೆ, ಎರಡು ಅದರ ಮೇಲೆ ಡೇರೆಯಂತೆ ಒರಗಿಸಿ. ಮೂರೇ ಬಿಸ್ಕತ್ತು, ಗೋಡೆಯೇ ಇಲ್ಲ, ಬೀಳುವ ಮಾತೂ ಕಡಿಮೆ.

ಚಾಕೊಲೇಟ್ ಕರಗಿಸುವುದು

ಚಾಕೊಲೇಟಿಗೆ ನೀರು ಕಂಡರಾಗದು. ಒದ್ದೆ ಚಮಚದ ಒಂದು ಹನಿ ಸಾಕು, ಒಳಗಿನ ಸಕ್ಕರೆ ಕಣಗಳು ಅದಕ್ಕೆ ಮುತ್ತಿಕೊಂಡು ಇಡೀ ಬಟ್ಟಲು ಗಂಟುಗಟ್ಟಿದ ಮಣ್ಣಿನಂತಾಗುತ್ತದೆ. ಹಾಗಾದದ್ದು ಅಂಟಿಸಲು ಮತ್ತೆ ಬಾರದು. ಬಿಸಿ ಹಾಲೋ ಕ್ರೀಮೋ ಬೆರೆಸಿ ಸಾಸ್ ಮಾಡಿಕೊಳ್ಳಬಹುದು, ಅಷ್ಟೆ. ಕುದಿಯುವ ನೀರಿನ ಮೇಲೆ ಬಟ್ಟಲಿಡುವಾಗ ಅದರ ತಳ ನೀರಿಗೆ ತಾಗಬಾರದು, ಆವಿಯೂ ಒಳಗೆ ನುಗ್ಗಬಾರದು. ಮೈಕ್ರೋವೇವ್ ಆದರೆ ಅರ್ಧ ಶಕ್ತಿಯಲ್ಲಿ 30 ಸೆಕೆಂಡಿಗೊಮ್ಮೆ ತೆಗೆದು ಕಲಕಿ. ಇದೇ ಕಾರಣಕ್ಕೆ ಚಾಕೊಲೇಟಿಗೆ ನೀರಿನ ಬಣ್ಣ ಸೇರಿಸಬೇಡಿ, ಎಣ್ಣೆ ಆಧಾರಿತ ಬಣ್ಣವೇ ಬೇಕು. ಐಸಿಂಗಿಗೆ ಜೆಲ್ ಬಣ್ಣ ಸರಿ.

ಕೋಕೋ ಬೆಣ್ಣೆಯಿರುವ ಅಸಲಿ ಚಾಕೊಲೇಟಾದರೆ ಟೆಂಪರ್ ಮಾಡಬೇಕು, ಅಂದರೆ ಅಳತೆಯ ಶಾಖಕ್ಕೆ ಕರಗಿಸಿ ಹದವಾಗಿ ತಣಿಸಬೇಕು, ಇಲ್ಲದಿದ್ದರೆ ಗಟ್ಟಿಯಾಗದೆ ಬೆರಳಿಗೆ ಅಂಟುತ್ತದೆ, ಎರಡು ದಿನಕ್ಕೆ ಬೂದು ಗೆರೆ ಮೂಡುತ್ತದೆ. ಡಾರ್ಕ್ ಚಾಕೊಲೇಟಿನ ಮೂರನೇ ಎರಡು ಪಾಲನ್ನು 45ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಿಸಿ, ಉಳಿದ ಪಾಲನ್ನು ಸಣ್ಣಗೆ ಹೆಚ್ಚಿ ಸೇರಿಸಿ, 31–32 ಡಿಗ್ರಿಗೆ ಇಳಿಯುವವರೆಗೆ ಕಲಕುತ್ತಿರಿ. ಹಾಲಿನ ಚಾಕೊಲೇಟಿಗೆ ಕೊನೆಯ ಹದ 29–30, ಬಿಳಿಯದಕ್ಕೆ 28–29. ಥರ್ಮಾಮೀಟರ್ ಇಲ್ಲದಿದ್ದರೆ ಕಾಂಪೌಂಡ್ ಚಾಕೊಲೇಟ್ ತೆಗೆದುಕೊಳ್ಳಿ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬಿರುವುದರಿಂದ ಕರಗಿಸಿ ಬಳಸಿದರೆ ಆಯಿತು. ರುಚಿ ಒಂದು ಕೈ ಕಡಿಮೆ, ಅಂಟಾಗಿ ಮಾತ್ರ ನಂಬಿಕಸ್ಥ.

ಪೆಪ್ಪರ್‌ಮಿಂಟ್ ಬಾರ್ಕ್

20 ಸೆಂ.ಮೀ. ಚೌಕದ ತಟ್ಟೆಗೆ ಡಾರ್ಕ್ 200 ಗ್ರಾಂ, ಬಿಳಿ 200 ಗ್ರಾಂ, ಕ್ಯಾಂಡಿ ಕೇನ್ ಐದು. ಕೇನನ್ನು ದಪ್ಪ ಚೀಲಕ್ಕೆ ಹಾಕಿ ಲಟ್ಟಣಿಗೆಯಿಂದ ಕುಟ್ಟಿ, ಜರಡಿಯಾಡಿಸಿ ಹಿಟ್ಟಿನಂಥ ಪುಡಿಯನ್ನು ಬೇರೆ ಮಾಡಿ. ಆ ಪುಡಿ ಹವೆಯ ತೇವ ಎಳೆದು ಮೇಲ್ಮೈಯನ್ನು ಜಿಗುಟು ಮಾಡುತ್ತದೆ. ಡಾರ್ಕ್ ಚಾಕೊಲೇಟಿಗೆ ಆಹಾರಕ್ಕೆ ಬಳಸುವ ಪೆಪ್ಪರ್‌ಮಿಂಟ್ ಎಣ್ಣೆ ಐದಾರು ಹನಿ ಬೆರೆಸಿ. ನೀರು-ಆಲ್ಕೋಹಾಲಿನ ಎಸೆನ್ಸ್ ಹಾಕಿದರೆ ಮೇಲೆ ಹೇಳಿದ ಮಣ್ಣೇ ಗತಿ.

ಬಟರ್ ಪೇಪರ್ ಹಾಸಿದ ತಟ್ಟೆಗೆ ಡಾರ್ಕ್ ಸುರಿದು ಹರಡಿ. ಬಿಳಿಯದನ್ನು ಯಾವಾಗ ಸುರಿಯಬೇಕು ಅನ್ನುವುದರಲ್ಲೇ ಎಲ್ಲ ಇದೆ. ಬೆಳಕಿಗೆ ಹಿಡಿದು ನೋಡಿ: ಕನ್ನಡಿಯಂಥ ಹೊಳಪು ಅಂಚಿನಿಂದ ಒಳಗೆ ಮಂಕಾಗುತ್ತಾ ಬರುತ್ತದೆ. ನಡುವೆಯೂ ಮಂಕಾಗಿ, ಬೆರಳು ಸೋಕಿಸಿದರೆ ಗುರುತು ಬಿದ್ದು ಬೆರಳಿಗೆ ಮಾತ್ರ ಏನೂ ಹತ್ತದಿದ್ದರೆ ಅದೇ ಸಮಯ. ಅದಕ್ಕೆ ಮೊದಲು ಸುರಿದರೆ ಎರಡೂ ಬೆರೆತು ಕೆಸರಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ಕಲ್ಲಾದ ಮೇಲೆ ಸುರಿದರೆ ಪದರಗಳು ಒಂದನ್ನೊಂದು ಹಿಡಿಯುವುದಿಲ್ಲ, ಮುರಿದಾಗ ಬಿಳಿ ಒಂದು ಕಡೆ ಕಪ್ಪು ಒಂದು ಕಡೆ. ಬಿಳಿಯದು ಹಸಿಯಾಗಿರುವಾಗಲೇ ಕೇನ್ ಚೂರು ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ.

ಜಾರುಬಂಡಿ, ಮರ, ಹಸಿರು ಬಳೆ

ಜಾರುಬಂಡಿಯನ್ನು ಸಾಮಾನ್ಯವಾಗಿ ಕಾಗದ ಬಿಚ್ಚದ ಮಿಠಾಯಿಯಿಂದ ಮಾಡುತ್ತಾರೆ. ಎರಡು ಕ್ಯಾಂಡಿ ಕೇನನ್ನು ಕೊಕ್ಕೆ ಮುಂದಕ್ಕೆ, ಮೇಲ್ಮುಖವಾಗಿ ಬರುವಂತೆ ಸಮಾನಾಂತರ ಇಟ್ಟು, ಮೇಲೆ ಅಗಲದ ಚಾಕೊಲೇಟ್ ಬಾರ್ ಕೂರಿಸಿ. ಅದರ ಮೇಲೆ ಪುಟ್ಟ ಬಾರುಗಳನ್ನು 4, 3, 2, 1 ರಂತೆ ಪೇರಿಸಿ ರಿಬ್ಬನ್ ಕಟ್ಟಿ. ಗ್ಲೂ ಗನ್ ಬಳಸುವುದಾದರೆ ಕಡಿಮೆ ಶಾಖದ್ದೇ ಆಗಬೇಕು, ಅದೂ ಚುಕ್ಕಿಯಷ್ಟು. ಹೆಚ್ಚು ಶಾಖದ ಗೋಂದು ಹೊದಿಕೆಯ ಮೂಲಕವೇ ಚಾಕೊಲೇಟನ್ನು ಕರಗಿಸುತ್ತದೆ. ಬಾರುಗಳಿಗೆ ಟೇಪು, ಕೇನಿಗೆ ಮಾತ್ರ ಗೋಂದು ಅಂತ ಹಂಚಿಕೊಂಡರೆ ಒಳ್ಳೆಯದು. ಹೊದಿಕೆ ಇಲ್ಲದ ಮಿಠಾಯಿಗೆ ಗೋಂದು ತಾಗಿತೋ, ಅದನ್ನು ತಿನ್ನುವಂತಿಲ್ಲ.

ಐಸ್‌ಕ್ರೀಮ್ ಕೋನನ್ನು ಬೋರಲು ಹಾಕಿ, ನಕ್ಷತ್ರದ ಮೂತಿಯಿಂದ ಹಸಿರು ಐಸಿಂಗನ್ನು ಬುಡದಿಂದ ಸುತ್ತು ಸುತ್ತಾಗಿ ಒತ್ತುತ್ತಾ ಹೋದರೆ ಮರವಾಯಿತು. ಕೋನನ್ನು ಎಡಗೈ ಬೆರಳುಗಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಾ ಮಾಡಿದರೆ ಕೈ ನೋಯುವುದಿಲ್ಲ. ತುದಿ ಚೂಪಿರುವ ಕೋನೇ ಆಗಬೇಕು.

ಹಸಿರು ಬಳೆಗೆ, ಅಂದರೆ ಕ್ರಿಸ್ಮಸ್ಸಿಗೆ ಬಾಗಿಲಿಗೆ ತೂಗುವ ಎಲೆಯ ಬಳೆಯ ಪುಟ್ಟ ರೂಪಕ್ಕೆ, ಬೆಣ್ಣೆ 115 ಗ್ರಾಂ ಮತ್ತು ದೊಡ್ಡ ಮಾರ್ಷ್‌ಮೆಲ್ಲೊ 30 ಅನ್ನು ಸಣ್ಣ ಉರಿಯಲ್ಲಿ ಕರಗಿಸಿ, ಹಸಿರು ಬಣ್ಣ ಹಾಕಿ, ಒಲೆಯಿಂದ ಇಳಿಸಿ ನಾಲ್ಕು ಕಪ್ ಕಾರ್ನ್‌ಫ್ಲೇಕ್ಸ್ ಬೆರೆಸಿ. ಉರಿ ಜೋರಾದರೆ ಮಾರ್ಷ್‌ಮೆಲ್ಲೊ ಕಲ್ಲಾಗುತ್ತದೆ. ಕೈಗೆ ಬೆಣ್ಣೆ ಸವರಿ ಬೆಚ್ಚಗಿರುವಾಗಲೇ ಬಳೆಯಾಕಾರ ಕೊಡಿ, ತಕ್ಷಣ ಕೆಂಪು ಗುಂಡು ಒತ್ತಿ. ಮಾರ್ಷ್‌ಮೆಲ್ಲೊದಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆ, ಸಸ್ಯಾಹಾರಿಗಳಿಗೆ ಕೊಡುವುದಾದರೆ ಪೊಟ್ಟಣ ಓದಿ ಕೊಳ್ಳಿ. ನಾಲ್ಕು ವರ್ಷದೊಳಗಿನ ಮಕ್ಕಳ ಹತ್ತಿರ ಗಟ್ಟಿ ಗುಂಡು ಮಿಠಾಯಿ ಬಿಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತುಣುಕುಗಳನ್ನು ಹಿಡಿದಿಡಲು ಒಳಗೆ ಹಲ್ಲುಕಡ್ಡಿ ಚುಚ್ಚುವುದೂ ಬೇಡ, ಸಣ್ಣ ಪ್ರೆಟ್ಜೆಲ್ ಕಡ್ಡಿ (ಗರಿಗರಿಯಾದ ಉಪ್ಪು ಬಿಸ್ಕತ್ತಿನ ಕಡ್ಡಿ) ಅದೇ ಕೆಲಸ ಮಾಡುತ್ತದೆ.

ಇಡುವ ಬಗೆ

ಮಿಂಟಿನದನ್ನು ಬೇರೆ ಡಬ್ಬಿಯಲ್ಲೇ ಇಡಿ, ಒಂದು ರಾತ್ರಿ ಜೊತೆಗಿದ್ದರೆ ಬಿಸ್ಕತ್ತೆಲ್ಲ ಮಿಂಟು ವಾಸನೆ. ಬಿಸ್ಕತ್ತಿನ ಮನೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಹೊರಗೆ ತೆಗೆದೊಡನೆ ಬೆವರುತ್ತದೆ, ಸಕ್ಕರೆ ಕರಗಿ ಚಾವಣಿ ಜಾರುತ್ತದೆ, ಚಾಕೊಲೇಟಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಬೇರೆಯವರ ಮನೆಗೆ ಒಯ್ಯುವುದಾದರೆ ಹಿಂದಿನ ದಿನವೇ ಕಟ್ಟಿ ಮುಗಿಸಿ, ರಾತ್ರಿಯಿಡೀ ಒಣಗಲು ಬಿಟ್ಟು, ಅಡಿಪಾಯದ ರಟ್ಟನ್ನು ಡಬ್ಬಿಯ ತಳಕ್ಕೆ ಟೇಪಿನಿಂದ ಬಿಗಿದು ಹೊರಡಿ. ದಾರಿಯಲ್ಲಿ ಏನಾದರೂ ಕಳಚಿದರೆ ಅಂಟಿಸಲು ಜೊತೆಗೆ ಒಂದು ಚಿಕ್ಕ ಚೀಲದಲ್ಲಿ ಎರಡು ಚಮಚ ಐಸಿಂಗ್, ಮೂತಿ ಕಟ್ಟಿ, ಇರಲಿ.